ಎಕ್ಸೆಲ್ ಹಾಳೆಯಲ್ಲಿ ಹೃದಯ ಬಡಿಯುವಂತೆ ಮಾಡುವುದು ಹೇಗೆ?

ಪ್ರತಿ ವರ್ಷ ಬಿ.ಎಸ್ಸಿ. ಕೊನೆಯ ವರ್ಷದ ಮಕ್ಕಳು ಪ್ರಾಜೆಕ್ಟಿಗೆ ವಿಷಯ ಕೇಳಿಕೊಂಡು ಬರುತ್ತಾರೆ. ಅವರಲ್ಲಿ ಇಬ್ಬರಾದರೂ 'ಹೃದಯದ ಗಣಿತ ಮಾದರಿ ಮಾಡ್ತೀವಿ ಸರ್' ಅನ್ನುತ್ತಾರೆ. ಹದಿನೈದು ದಿನ ಬಿಟ್ಟು ಬಣ್ಣಬಣ್ಣದ ಮೂರು ಆಯಾಮದ ಚಿತ್ರ ತಂದು ತೋರಿಸುತ್ತಾರೆ. ಯಾರೋ ಬರೆದ ಪ್ರೋಗ್ರಾಂ ಇಳಿಸಿಕೊಂಡು ಓಡಿಸಿರುತ್ತಾರೆ. 'ಇದರಲ್ಲಿ ಬಿಪಿ ಎಷ್ಟು ಬಂತಪ್ಪಾ?' ಎಂದು ಕೇಳಿದರೆ ಉತ್ತರ ಇರುವುದಿಲ್ಲ.

ಸ್ವಂತವಾಗಿ ಬರೆಯುವವರು ಬೇರೆ ಕಡೆ ಎಡವುತ್ತಾರೆ. ಒಬ್ಬ ಹುಡುಗಿಯ ಹಾಳೆಯಲ್ಲಿ ಬಿಪಿ ಏಳು ಸಾವಿರದ ಹತ್ತಿರ ಹೋಗಿತ್ತು. ಎರಡು ವಾರ ತಪ್ಪು ಹುಡುಕಿ ಸೋತು ಬಂದಿದ್ದಳು. ಅವಳ ಸಮೀಕರಣ ಪೂರ್ತಿ ಸರಿ ಇತ್ತು. ರಕ್ತದ ಹರಿವನ್ನು ಮಾತ್ರ ನಿಮಿಷದ ಲೆಕ್ಕದಲ್ಲಿ ಹಾಕಿದ್ದಳು, ಉಳಿದದ್ದೆಲ್ಲ ಸೆಕೆಂಡಿನಲ್ಲಿತ್ತು. ಅರವತ್ತರಿಂದ ಭಾಗಿಸಿದ ಕೂಡಲೇ 116 ಬಂತು. ಇಂಥ ಸಣ್ಣ ವಿಷಯಕ್ಕೆ ಮಕ್ಕಳು ಪ್ರಾಜೆಕ್ಟನ್ನೇ ಕೈಬಿಡುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬೇಕಾದದ್ದು ಒಂದು ಲ್ಯಾಪ್‌ಟಾಪ್, ಎಕ್ಸೆಲ್ ಅಥವಾ ಅಂಥದ್ದೇ ಯಾವುದಾದರೂ ಹಾಳೆ, ಒಂದು ಸಂಜೆ.

ಮೊದಲು ಹಾರ್ಮೋನಿಯಂ ನೋಡಿ

ಹೃದಯ ರಕ್ತವನ್ನು ಬಿಟ್ಟು ಬಿಟ್ಟು ತಳ್ಳುತ್ತದೆ. ನಿಮಿಷಕ್ಕೆ 75 ಸಲ ಬಡಿದರೆ ಒಂದು ಬಡಿತಕ್ಕೆ 0.8 ಸೆಕೆಂಡ್. ಅದರಲ್ಲಿ ರಕ್ತ ಹೊರಬೀಳುವುದು ಸುಮಾರು 0.3 ಸೆಕೆಂಡ್ ಮಾತ್ರ. ಉಳಿದ ಅರ್ಧ ಸೆಕೆಂಡ್ ಹೃದಯದ ಹೊರಬಾಗಿಲು, ಅಂದರೆ ಕವಾಟ, ಮುಚ್ಚಿರುತ್ತದೆ. ಆದರೂ ದೇಹದೊಳಗೆ ರಕ್ತ ನಿಲ್ಲದೆ ಹರಿಯುತ್ತಲೇ ಇರುತ್ತದೆ. ಹೇಗೆ?

ಹಾರ್ಮೋನಿಯಂ ನುಡಿಸುವವರ ಎಡಗೈ ನೋಡಿ. ತಿದಿಯನ್ನು ಒತ್ತುತ್ತದೆ, ಬಿಡುತ್ತದೆ. ಸ್ವರ ಮಾತ್ರ ತುಂಡಾಗುವುದಿಲ್ಲ. ಏಕೆಂದರೆ ಪೆಟ್ಟಿಗೆಯ ಒಳಗೆ ಇನ್ನೊಂದು ತಿದಿ ಇದೆ. ಹೊರಗಿನ ತಿದಿ ತಳ್ಳಿದ ಗಾಳಿ ಅಲ್ಲಿ ತುಂಬಿಕೊಳ್ಳುತ್ತದೆ. ಕೈ ಹಿಂದೆ ಹೋದ ಹೊತ್ತಿನಲ್ಲಿ ಸ್ಪ್ರಿಂಗ್ ಅದನ್ನು ಒತ್ತಿ ಗಾಳಿಯನ್ನು ರೀಡುಗಳ ಕಡೆ ಕಳಿಸುತ್ತದೆ. ಹೃದಯದಿಂದ ಹೊರಡುವ ಮಹಾಪಧಮನಿ ನಮ್ಮ ಒಳತಿದಿ. ಹೃದಯ ತಳ್ಳಿದಾಗ ಹಿಗ್ಗುತ್ತದೆ, ಹೃದಯ ಸುಮ್ಮನಿದ್ದಾಗ ಕುಗ್ಗಿ ರಕ್ತವನ್ನು ಮುಂದೆ ನೂಕುತ್ತದೆ.

ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಇದನ್ನು ಬಹಳ ಹಿಂದೆಯೇ ಕಂಡಿದ್ದರು. ಕುದುರೆಯ ಅಪಧಮನಿಗೆ ಗಾಜಿನ ಕೊಳವೆ ಜೋಡಿಸಿ, ರಕ್ತ 8 ಅಡಿ 3 ಅಂಗುಲ ಏರಿದ್ದನ್ನು ಅಳೆದು 1733ರಲ್ಲಿ ಪ್ರಕಟಿಸಿದರು. ಹಿಗ್ಗುವ ರಕ್ತನಾಳವನ್ನು ಬೆಂಕಿ ಆರಿಸುವ ಪಂಪಿನ ಗಾಳಿಡಬ್ಬಿಗೆ ಹೋಲಿಸಿದ್ದೂ ಅವರೇ. 1899ರಲ್ಲಿ ಜರ್ಮನಿಯ ಒಟ್ಟೊ ಫ್ರಾಂಕ್ ಅದನ್ನು ಸಮೀಕರಣ ಮಾಡಿದರು. ಮಾದರಿಯ ಹೆಸರು 'ವಿಂಡ್‌ಕೆಸೆಲ್'. ಜರ್ಮನ್ ಭಾಷೆಯಲ್ಲಿ ಅದೇ ಗಾಳಿಡಬ್ಬಿ.

ಸಮೀಕರಣ ಬಾಯಿಮಾತಿನಲ್ಲೇ ಹೇಳಬಹುದು. ಒಳಗೆ ಬಂದ ರಕ್ತದಲ್ಲಿ ಹೊರಗೆ ಹೋದದ್ದನ್ನು ಕಳೆಯಿರಿ. ಉಳಿದದ್ದು ನಾಳವನ್ನು ಹಿಗ್ಗಿಸುತ್ತದೆ, ಹಿಗ್ಗಿದಷ್ಟೂ ಒತ್ತಡ ಏರುತ್ತದೆ. ಅಷ್ಟೇ.

ಅಂಕಿಗಳನ್ನು ಇಟ್ಟುಕೊಳ್ಳಿ

ಒಂದು ಬಡಿತಕ್ಕೆ 70 ಮಿ.ಲೀ. ರಕ್ತ. ನಿಮಿಷಕ್ಕೆ 75 ಬಡಿತ. ಅಂದರೆ ಸೆಕೆಂಡಿಗೆ ಸರಾಸರಿ 87.5 ಮಿ.ಲೀ. ರಕ್ತನಾಳಗಳ 'ತಡೆ' 1.1. ಅಂದರೆ ಸೆಕೆಂಡಿಗೆ ಒಂದು ಮಿ.ಲೀ. ಹರಿಸಲು 1.1 ಮಿ.ಮೀ. ಪಾದರಸದಷ್ಟು ಒತ್ತಡ ಬೇಕು. ಮಹಾಪಧಮನಿಯ 'ಹಿಗ್ಗು' 1.2. ಅಂದರೆ ಒತ್ತಡ ಒಂದು ಮಿ.ಮೀ. ಏರಿದರೆ 1.2 ಮಿ.ಲೀ. ಹೆಚ್ಚು ರಕ್ತ ಹಿಡಿಯುತ್ತದೆ. ಆರೋಗ್ಯವಂತ ದೊಡ್ಡವರಿಗೆ ಈ ಅಂಕಿಗಳು ಹೊಂದುತ್ತವೆ.

ಮಿ.ಲೀ., ಸೆಕೆಂಡ್, ಮಿ.ಮೀ. ಪಾದರಸ. ಈ ಮೂರು ಬಿಟ್ಟು ಬೇರೆ ಯಾವ ಮಾನವನ್ನೂ ಹಾಳೆಯೊಳಗೆ ಬಿಡಬೇಡಿ. ಹಾಳೆಯ ನೆತ್ತಿಯ ಮೇಲೇ ದಪ್ಪ ಅಕ್ಷರದಲ್ಲಿ ಬರೆದುಬಿಡಿ.

ಸ್ವಂತ ಬಿಪಿ ಜೊತೆ ಹೋಲಿಸುವ ಆಸೆ ಇದ್ದರೆ ತೋಳಿಗೆ ಪಟ್ಟಿ ಸುತ್ತುವ ಯಂತ್ರದಲ್ಲೇ ಅಳೆಯಿರಿ. ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ಹೇಳುತ್ತೇವೆ ಎನ್ನುವ ಆ್ಯಪ್‌ಗಳನ್ನು ನಾನು ಮಕ್ಕಳ ಫೋನಿನಿಂದ ತೆಗೆಸಿದ್ದೇನೆ. ಕೂತಲ್ಲೇ ಕೂತ ಒಬ್ಬನೇ ಹುಡುಗನಿಗೆ ಐದು ನಿಮಿಷದಲ್ಲಿ ಮೂರು ಉತ್ತರ ಕೊಟ್ಟಿತ್ತು.

ಹಾಳೆ ಕಟ್ಟುವುದು: ಇಲ್ಲಿ ಅವಸರ ಬೇಡ

ತಪ್ಪುಗಳೆಲ್ಲ ಆಗುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಕಾಲವನ್ನು 0.01 ಸೆಕೆಂಡಿನ ಮೆಟ್ಟಿಲುಗಳಾಗಿ ಕತ್ತರಿಸಿ. ಒಂದು ಬಡಿತಕ್ಕೆ 80 ಮೆಟ್ಟಿಲು ಆಗುತ್ತದೆ. ಕೆಲವರು ಸಾಲು ಕಡಿಮೆ ಆಗಲಿ ಎಂದು 0.1 ಸೆಕೆಂಡ್ ಇಡುತ್ತಾರೆ. ಆಗ ಇಡೀ ತಳ್ಳುವಿಕೆ ಮೂರೇ ಮೆಟ್ಟಿಲಿನಲ್ಲಿ ಮುಗಿಯುತ್ತದೆ. ಕೂಡಿಸಿ ನೋಡಿದರೆ 70 ಮಿ.ಲೀ. ಬದಲು 63.5 ಮಿ.ಲೀ. ಮಾತ್ರ ಹೊರಬಂದಿರುತ್ತದೆ. ಉಳಿದ ರಕ್ತ ಮೆಟ್ಟಿಲುಗಳ ಸಂದಿಯಲ್ಲಿ ಕಳೆದುಹೋಯಿತು. 0.01 ಇಟ್ಟರೆ 69.9 ಬರುತ್ತದೆ.

ಮೊದಲ ಕಾಲಂನಲ್ಲಿ ಮೆಟ್ಟಿಲಿನ ಸಂಖ್ಯೆ ಬರೆಯಿರಿ: 0, 1, 2, 3 ಹೀಗೆ 800ರವರೆಗೆ. ಸೆಕೆಂಡ್ ಬರೆಯಬೇಡಿ. 0.01ನ್ನು ಕೂಡಿಸುತ್ತಾ ಹೋದರೆ ಕಂಪ್ಯೂಟರಿನೊಳಗೆ 0.8 ಸರಿಯಾಗಿ 0.8 ಆಗಿರುವುದಿಲ್ಲ, ಕೂದಲೆಳೆಯಷ್ಟು ಆಚೀಚೆ ಇರುತ್ತದೆ. ಆಗ ಬಡಿತ ಒಂದು ಮೆಟ್ಟಿಲು ಮೊದಲೋ ತಡವಾಗಿಯೋ ಶುರುವಾಗುತ್ತದೆ. ಕಣ್ಣಿಗೆ ಕಾಣದ ಈ ತಪ್ಪನ್ನು ಹುಡುಕಲು ನಾನೇ ಒಂದು ಭಾನುವಾರ ಕಳೆದಿದ್ದೇನೆ. ಪೂರ್ಣಸಂಖ್ಯೆಯಲ್ಲಿ ಎಣಿಸಿದರೆ ಈ ಕಾಟ ಇಲ್ಲ.

ಎರಡನೇ ಕಾಲಂನಲ್ಲಿ ಮೆಟ್ಟಿಲಿನ ಸಂಖ್ಯೆಯನ್ನು 80ರಿಂದ ಭಾಗಿಸಿ ಉಳಿದ ಶೇಷ. ಬಡಿತದೊಳಗೆ ನೀವು ಎಲ್ಲಿದ್ದೀರಿ ಎಂದು ಇದು ಹೇಳುತ್ತದೆ.

ಮೂರನೇ ಕಾಲಂ ಹೃದಯದಿಂದ ಬರುವ ಹರಿವು. ಶೇಷ 30ಕ್ಕಿಂತ ಕಡಿಮೆ ಇದ್ದರೆ ಅರ್ಧ ಸೈನ್ ಅಲೆ: 366.5 × ಸೈನ್ (ಪೈ × ಶೇಷ ÷ 30). ಇಲ್ಲದಿದ್ದರೆ ಸೊನ್ನೆ. ಈ 366.5 ಎಲ್ಲಿಂದ ಬಂತು? ಅರ್ಧ ಸೈನ್ ಗುಡ್ಡದ ವಿಸ್ತೀರ್ಣ 70 ಆಗಬೇಕು, ಅಗಲ 0.3. ಗುಡ್ಡದ ಸರಾಸರಿ ಎತ್ತರ ತುದಿಯ ಎತ್ತರದ 2/ಪೈ ಭಾಗ. ಲೆಕ್ಕ ಹಾಕಿದರೆ ತುದಿ 366.5 ಆಗುತ್ತದೆ. ಜಾಸ್ತಿ ಜನ 70ನ್ನು 0.3ರಿಂದ ಭಾಗಿಸಿ 233 ಹಾಕಿಬಿಡುತ್ತಾರೆ. ಅದು ಸರಾಸರಿ, ತುದಿ ಅಲ್ಲ. ಆಗ ಹೊರಬರುವುದು ಬಡಿತಕ್ಕೆ 45 ಮಿ.ಲೀ.ಯೂ ಇಲ್ಲ, ಬಿಪಿ 74/50ಕ್ಕೆ ಬಿದ್ದಿರುತ್ತದೆ. ನಿಮ್ಮ ಹಾಳೆಯಲ್ಲಿ ಅಂಥ ಅಂಕಿ ಕಂಡರೆ ಮೊದಲು ಇಲ್ಲಿ ನೋಡಿ.

ಇನ್ನೊಂದು. ಹಾಳೆಯ ಸೈನ್‌ಗೆ ಕೋನ ರೇಡಿಯನ್‌ನಲ್ಲಿ ಬೇಕು. ಶಾಲೆಯ ಅಭ್ಯಾಸದಂತೆ 180 ಡಿಗ್ರಿ ಲೆಕ್ಕ ಹಾಕಿದರೆ ಹರಿವು ಮೇಲೆ ಕೆಳಗೆ ಹಾರಾಡುತ್ತದೆ, ರಕ್ತ ಹೃದಯಕ್ಕೇ ವಾಪಸ್ ಹೋದಂತೆ ಕಾಣುತ್ತದೆ.

ನಾಲ್ಕನೇ ಕಾಲಂ ಒತ್ತಡ. ಮೊದಲ ಸಾಲಿನಲ್ಲಿ 80 ಬರೆಯಿರಿ. ಮುಂದಿನ ಸಾಲಿನಿಂದ ಸೂತ್ರ ಹೀಗೆ:

ಹೊಸ ಒತ್ತಡ = ಹಳೆಯ ಒತ್ತಡ + 0.01 × (ಹಳೆಯ ಹರಿವು − ಹಳೆಯ ಒತ್ತಡ ÷ 1.1) ÷ 1.2

'ಹಳೆಯ' ಅಂದರೆ ಮೇಲಿನ ಸಾಲಿನದು. ಬಲಗಡೆ ಅದೇ ಸಾಲಿನ ಒತ್ತಡವನ್ನು ಒತ್ತಿದರೆ ಹಾಳೆ ತನ್ನನ್ನೇ ಸುತ್ತಿಕೊಂಡು ದೂರು ಹೇಳುತ್ತದೆ.

ಈಗ ದಯವಿಟ್ಟು ಒಂದು ಕೆಲಸ ಮಾಡಿ. ಸೂತ್ರವನ್ನು ಕೆಳಗೆ ಎಳೆಯುವ ಮೊದಲು ಮೂರು ಮೆಟ್ಟಿಲನ್ನು ಪೆನ್ನು ಹಿಡಿದು ಕಾಗದದ ಮೇಲೆ ಹಾಕಿ. ಶುರುವಿನಲ್ಲಿ ಒತ್ತಡ 80, ಒಳಹರಿವು ಸೊನ್ನೆ. ಹೊರಗೆ ಹೋಗುವುದು 80 ÷ 1.1, ಅಂದರೆ ಸೆಕೆಂಡಿಗೆ 72.7 ಮಿ.ಲೀ. ಒತ್ತಡ 79.39ಕ್ಕೆ ಇಳಿಯುತ್ತದೆ. ಎರಡನೇ ಮೆಟ್ಟಿಲಿಗೆ ಹೃದಯ 38.3 ಕೊಡುತ್ತಿದೆ, ಹೊರಗೆ 72.2 ಹೋಗುತ್ತಿದೆ. ಇನ್ನೂ ಇಳಿತವೇ: 79.11. ಮೂರನೇ ಮೆಟ್ಟಿಲಿಗೆ ಒಳಗೆ 76.2, ಹೊರಗೆ 71.9. ಒತ್ತಡ 79.15. ತಿರುಗಿತು! ಬಾಗಿಲು ತೆರೆದ ಕೂಡಲೇ ಒತ್ತಡ ಏರುವುದಿಲ್ಲ, ಬರುವುದು ಹೋಗುವುದನ್ನು ಮೀರಿದಾಗ ಏರುತ್ತದೆ. ಕೈಯಲ್ಲಿ ಹಾಕಿದವರಿಗೆ ಇದು ಅಲ್ಲೇ ಕಾಣುತ್ತದೆ. ಎಳೆದು ಗ್ರಾಫ್ ಹಾಕಿದವರು ದಾಟಿಕೊಂಡು ಹೋಗುತ್ತಾರೆ.

ಮೊದಲ ಬಡಿತವನ್ನು ನಂಬಬೇಡಿ

ಈಗ 800 ಸಾಲಿನವರೆಗೆ ಎಳೆಯಿರಿ. ಹತ್ತು ಬಡಿತ ಆಗುತ್ತದೆ. ಕೊನೆಯ ಬಡಿತದಲ್ಲಿ ಮೇಲಿನ ಒತ್ತಡ 116, ಕೆಳಗಿನದು 78ರ ಆಸುಪಾಸು ಇರಬೇಕು.

ಹತ್ತು ಯಾಕೆ? ಶುರುವಿನ 80ನ್ನು ಅಳಿಸಿ ಸೊನ್ನೆ ಹಾಕಿ ನೋಡಿ. ಮೊದಲ ಬಡಿತದ ಕೊನೆಗೆ ಕೆಳಗಿನ ಒತ್ತಡ 36, ಆಮೇಲೆ 55, ಆಮೇಲೆ 66. ಹೀಗೆ ನಿಧಾನಕ್ಕೆ ಏರಿ 78ರಲ್ಲಿ ನಿಲ್ಲುತ್ತದೆ. ಎಲ್ಲಿಂದ ಹೊರಟರೂ ಅಲ್ಲಿಗೇ ಬಂದು ನಿಲ್ಲುತ್ತದೆ. ಮೊದಲ ಬಡಿತದ ಅಂಕಿಯನ್ನೇ ವರದಿಯಲ್ಲಿ ಬರೆದು ಮಾರ್ಕ್ಸ್ ಕಳೆದುಕೊಂಡವರನ್ನು ಕಂಡಿದ್ದೇನೆ.

ಪರೀಕ್ಷೆ ಸುಲಭ. ಕೊನೆಯ ಬಡಿತದ 80 ಸಾಲುಗಳ ಒತ್ತಡದ ಸರಾಸರಿ ತೆಗೆಯಿರಿ. ಅದು ಸರಾಸರಿ ಹರಿವು × ತಡೆ, ಅಂದರೆ 87.5 × 1.1, ಸುಮಾರು 96 ಬರಲೇಬೇಕು. ಬರದಿದ್ದರೆ ಮುಂದೆ ಹೋಗಬೇಡಿ. ಗ್ರಾಫಿನ ಗೆರೆಯನ್ನು ನುಣುಪು ಮಾಡುವ ಆಯ್ಕೆಯನ್ನಂತೂ ಮುಟ್ಟಲೇಬೇಡಿ. ತಪ್ಪಿನ ಮೊನೆಗಳನ್ನೆಲ್ಲ ಅದು ಮುಚ್ಚಿಹಾಕುತ್ತದೆ.

ಈಗ ಪ್ರಶ್ನೆ ಕೇಳಿ

ಇಷ್ಟು ಕಷ್ಟಪಟ್ಟದ್ದು ಇದಕ್ಕೇ. ಹಿಗ್ಗನ್ನು 1.2ರಿಂದ 0.6ಕ್ಕೆ ಇಳಿಸಿ. ಉಳಿದದ್ದು ಮುಟ್ಟಬೇಡಿ. ಅಂದರೆ ಹೃದಯ ಅದೇ, ತಳ್ಳುವ ರಕ್ತ ಅಷ್ಟೇ, ಮಹಾಪಧಮನಿ ಮಾತ್ರ ಬಿರುಸಾಗಿದೆ. ಬಿಪಿ ಸುಮಾರು 136/62 ಆಗುತ್ತದೆ. ಸರಾಸರಿ ತೆಗೆಯಿರಿ: ಅದೇ 96! ಮೇಲಿನದು ಏರಿತು, ಕೆಳಗಿನದು ಇಳಿಯಿತು, ಸರಾಸರಿ ಕದಲಲಿಲ್ಲ.

ವಯಸ್ಸಾದಂತೆ ಮಹಾಪಧಮನಿ ಬಿರುಸಾಗುತ್ತದೆ. ಅಜ್ಜ ಅಜ್ಜಿಯರ ಚೀಟಿಯಲ್ಲಿ ಮೇಲಿನ ಅಂಕಿ ಜಾಸ್ತಿ, ಕೆಳಗಿನದು ಕಡಿಮೆ ಇರುವುದನ್ನು ನೋಡಿರುತ್ತೀರಿ. 'ಕೆಳಗಿಂದು ಕಡಿಮೆನೇ ಇದೆ ಅಲ್ವಾ, ಒಳ್ಳೇದಾಯ್ತು' ಎಂದು ಮನೆಯವರು ಸಮಾಧಾನ ಪಡುತ್ತಾರೆ. ಎರಡರ ನಡುವಿನ ಅಂತರ ದೊಡ್ಡದಾಗುವುದೇ ನಾಳ ಬಿರುಸಾದ ಗುರುತು ಎಂದು ನಿಮ್ಮ ಹಾಳೆ ತೋರಿಸುತ್ತಿದೆ. ಆದರೆ ಹಾಳೆ ನೋಡಿ ಮಾತ್ರೆ ಬದಲಿಸುವ ಹಾಗಿಲ್ಲ. ಅದು ವೈದ್ಯರ ಕೆಲಸ.

ತಡೆಯನ್ನು ಏರಿಸಿ ನೋಡಿ. ಆಗ ಮೇಲಿನದು ಕೆಳಗಿನದು ಎರಡೂ ಏರುತ್ತವೆ. ಸಣ್ಣ ನಾಳಗಳ ತಡೆ ಎಷ್ಟು ಸೂಕ್ಷ್ಮ ಎಂದರೆ, ತ್ರಿಜ್ಯ ನೂರಕ್ಕೆ ಹತ್ತು ಕುಗ್ಗಿದರೆ ತಡೆ ಒಂದೂವರೆ ಪಟ್ಟು ಆಗುತ್ತದೆ. ತಡೆ ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ ಎನ್ನುವ ನಿಯಮ ಅದು.

ಹೃದಯವನ್ನೇ ಸೇರಿಸಬೇಕೆಂದರೆ

ಇಲ್ಲಿಯವರೆಗೆ ಹೃದಯ ಎಷ್ಟು ತಳ್ಳಬೇಕೆಂದು ನಾವೇ ಹೇಳಿದೆವು. ನಿಜವಾದ ಹೃದಯ ಒತ್ತಡ ನೋಡಿಕೊಂಡು ತಳ್ಳುತ್ತದೆ. 1970ರ ದಶಕದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಹಿರೋಯುಕಿ ಸುಗಾ ಮತ್ತು ಕಿಯಿಚಿ ಸಗಾವಾ ನಾಯಿಯ ಹೃದಯವನ್ನು ಅಳೆದು ಒಂದು ಚಂದದ ದಾರಿ ತೋರಿಸಿದರು. ಹೃದಯದ ಎಡ ಕೋಣೆಯನ್ನು ಬಿರುಸು ಬದಲಾಗುವ ಸ್ಪ್ರಿಂಗ್ ಎಂದುಕೊಳ್ಳಿ. ಸಡಿಲವಾಗಿದ್ದಾಗ ಬಿರುಸು 0.07ರ ಹತ್ತಿರ, ಬಿಗಿದಾಗ 2ರ ಹತ್ತಿರ. ಕೋಣೆಯ ಒತ್ತಡ = ಬಿರುಸು × (ಈಗಿರುವ ರಕ್ತ − 10). ಹೊರಬಾಗಿಲು ಏಕಮುಖ: ಕೋಣೆಯ ಒತ್ತಡ ಮಹಾಪಧಮನಿಯದ್ದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಹರಿವು, ಇಲ್ಲದಿದ್ದರೆ ಸೊನ್ನೆ. ಒಳಬಾಗಿಲೂ ಹಾಗೆಯೇ, ಅದರಾಚೆ ಸುಮಾರು 8 ಮಿ.ಮೀ. ಒತ್ತಡದ ರಕ್ತ ಕಾದಿದೆ ಎಂದು ಇಟ್ಟುಕೊಳ್ಳಿ.

ಇಲ್ಲಿ ಒಂದೇ ಎಚ್ಚರ, ಆದರೆ ದೊಡ್ಡದು. ಬಾಗಿಲಿನ ತಡೆ ತೀರಾ ಕಡಿಮೆ, 0.01 ಎಂದಿಟ್ಟುಕೊಳ್ಳಿ. ಬಿರುಸು 2 ಇದ್ದಾಗ ಕೋಣೆಯ ಒತ್ತಡ ಸರಿದೂಗುವ ಕಾಲ 0.01 ÷ 2, ಅಂದರೆ 0.005 ಸೆಕೆಂಡ್. ನಿಮ್ಮ ಮೆಟ್ಟಿಲು ಅದರ ಎರಡು ಪಟ್ಟು ಉದ್ದ ಇದೆ! ಬಾಗಿಲು ಒಂದು ಸಾಲಿನಲ್ಲಿ ತೆರೆದು, ಮುಂದಿನ ಸಾಲಿನಲ್ಲಿ ಮುಚ್ಚಿ, ಮತ್ತೆ ತೆರೆದು ಪಟಪಟ ಬಡಿದುಕೊಳ್ಳುತ್ತದೆ. ಅದನ್ನು ಹೃದಯದ ಕಾಯಿಲೆ ಎಂದು ವರದಿ ಬರೆದು ತಂದವರೂ ಇದ್ದಾರೆ. ಮೆಟ್ಟಿಲನ್ನು 0.001ಕ್ಕೆ ಇಳಿಸಿ. ಬಡಿತಕ್ಕೆ 800 ಸಾಲು, ಹತ್ತು ಬಡಿತಕ್ಕೆ 8,000. ಫೋನಿನಲ್ಲಿ ಇದನ್ನು ಮಾಡಬೇಡಿ. ಪೈಥಾನ್ ಬರುತ್ತಿದ್ದರೆ ಈ ಹಂತಕ್ಕೆ ಅದೇ ಒಳ್ಳೆಯದು, ಹತ್ತಿಪ್ಪತ್ತು ಸಾಲಿನಲ್ಲಿ ಮುಗಿಯುತ್ತದೆ.

ಕೊನೆಗೆ ಅಡ್ಡಕ್ಕೆ ಕೋಣೆಯ ರಕ್ತ, ಉದ್ದಕ್ಕೆ ಕೋಣೆಯ ಒತ್ತಡ ಇಟ್ಟು ಕೊನೆಯ ಬಡಿತದ ಚಿತ್ರ ಬರೆಯಿರಿ. ನಾಲ್ಕು ಮೂಲೆಯ ಒಂದು ಕುಣಿಕೆ ಬರುತ್ತದೆ: ತುಂಬಿಕೊಳ್ಳುವುದು, ಬಿಗಿಯುವುದು, ತಳ್ಳುವುದು, ಸಡಿಲಾಗುವುದು. ಕುಣಿಕೆಯ ಅಗಲವೇ ಒಂದು ಬಡಿತಕ್ಕೆ ಹೊರಬಂದ ರಕ್ತ. ಕುಣಿಕೆಯ ತುದಿ ಶುರುವಾದ ಜಾಗಕ್ಕೇ ಬಂದು ಸೇರದಿದ್ದರೆ ಇನ್ನೂ ಹತ್ತು ಬಡಿತ ಓಡಿಸಿ ನೋಡಿ.