ಊಟದ ಬೆಲ್ಲಿಗೆ ಮುಂಚೆ ಒಂದು ಕಥೆ

ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ನಲಿಕಲಿ ಶಿಕ್ಷಕಿ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಬಿಸಿಯೂಟದ ಸಾಂಬಾರಿನಿಂದ ಸೊಪ್ಪನ್ನು ಆರಿಸಿ ತಟ್ಟೆಯ ಅಂಚಿಗೆ ಹಚ್ಚುವುದರಲ್ಲಿ ಇವರ ಕೈಚಳಕ ನೋಡಬೇಕು. ‘ಸೊಪ್ಪು ತಿಂದರೆ ರಕ್ತ ಹೆಚ್ಚುತ್ತದೆ’ ಎಂಬುದು ಎಲ್ಲರಿಗೂ ಬಾಯಿಪಾಠ; ಅದನ್ನು ಹೇಳುತ್ತಲೇ ಆರಿಸಿಡುತ್ತಾರೆ. ಹಾಗಾಗಿ ಉಪದೇಶ ಬಿಟ್ಟು ಕಥೆಪುಸ್ತಕ ಹಿಡಿದೆ.

ಪುಸ್ತಕ ಆರಿಸುವುದರಲ್ಲೇ ಅರ್ಧ ಕೆಲಸವಿದೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಜಾಲತಾಣ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು. ದಪ್ಪ ಹುಡುಗನನ್ನು ನಗೆಪಾಟಲು ಮಾಡುವ ಕಥೆಗಳನ್ನು ನಾನು ಮುಟ್ಟುವುದಿಲ್ಲ. ಕೊನೆಯ ಪುಟದಲ್ಲಿ ಕ್ಯಾರೆಟ್ ಎದ್ದು ನಿಂತು ಭಾಷಣ ಬಿಗಿಯುವಂಥವೂ ಬೇಡ. ಹಿತ್ತಲು, ಸಂತೆ, ಅಜ್ಜಿಯ ಅಡುಗೆಮನೆ ಇರಬೇಕು, ಚಿತ್ರ ದೊಡ್ಡದಿರಬೇಕು.

ಓದುವುದು ಊಟಕ್ಕೆ ಮುಂಚಿನ ಅವಧಿಯಲ್ಲಿ. ಒಗ್ಗರಣೆಯ ಘಮ ಬರುತ್ತಿರುತ್ತದೆ, ಹೊಟ್ಟೆಯೂ ಹಸಿದಿರುತ್ತದೆ. ‘ನಾಳೆ ಯಾವ ಸೊಪ್ಪು ಅಕ್ಕಾ?’ ಎಂದು ಅಡುಗೆಯವರನ್ನು ಹಿಂದಿನ ದಿನವೇ ಕೇಳಿಕೊಂಡು ಅದಕ್ಕೆ ಹೊಂದುವ ಕಥೆ ತೆಗೆದಿಟ್ಟಿರುತ್ತೇನೆ. ಮೊದಲು ಅಕ್ಷರಗಳನ್ನು ಕೈಯಿಂದ ಮುಚ್ಚಿ ಚಿತ್ರ ಮಾತ್ರ ತೋರಿಸುತ್ತೇನೆ. ಹಿತ್ತಲಿನ ಚಿತ್ರವೊಂದನ್ನು ಕಂಡ ಎರಡನೆಯ ತರಗತಿಯ ಹುಡುಗಿ, ‘ಟೀಚರ್, ನಮ್ಮ ಬಚ್ಚಲ ನೀರು ಹೋಗುವಲ್ಲಿ ಒಂದೆಲಗ ಇದೆ’ ಎಂದಳು. ಅದನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ ಎಂದು ಅವಳೇ ವಿವರಿಸಿದಳು. ‘ಉಪ್ಪು ಮರೆತೆ!’ ಎಂದು ಹಿಂದಿನಿಂದ ಇನ್ನೊಬ್ಬಳು ಕೂಗಿದಳು.

ಊಟಕ್ಕೆ ಕುಳಿತಾಗ ನಿಂಬೆ ಹೋಳು ಕೊಡುತ್ತೇನೆ. ಸೊಪ್ಪಿನ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಹತ್ತುವಂಥದ್ದಲ್ಲ; ನಿಂಬೆಯ ಸಿ ಜೀವಸತ್ವ ಜೊತೆಗಿದ್ದರೆ ಹೆಚ್ಚು ಹತ್ತುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಇದನ್ನು ಪೋಷಕರ ಸಭೆಯಲ್ಲಿ ಹೇಳುತ್ತೇನೆ. ಮಕ್ಕಳಿಗೆ ಮಾತ್ರ ತಮ್ಮ ಕೈಯಾರೆ ಹಿಂಡುವ ಖುಷಿ ಸಾಕು. ಒಂದೇ ಕಥೆಗೆ ತಟ್ಟೆ ಖಾಲಿಯಾಗುವುದಿಲ್ಲ. ಹೊಸ ರುಚಿಗೆ ಮಗುವಿನ ನಾಲಿಗೆ ಒಗ್ಗಲು ಎಂಟು-ಹತ್ತು ಸಲವಾದರೂ ಬೇಕಾಗಬಹುದು, ಅಲ್ಲಿಯವರೆಗೆ ಬಲವಂತ ಸಲ್ಲದು. ನೆಕ್ಕಿ ನೋಡಿದರೂ ಅದು ಲೆಕ್ಕಕ್ಕೆ ಬರುತ್ತದೆ.

ಆಮೇಲೆ ನಮ್ಮದೇ ಪುಸ್ತಕ ಶುರುವಾಯಿತು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮಡಚಿ ದಾರದಿಂದ ಹೊಲಿದು, ಖಾಲಿ ಬದಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ದೊಡ್ಡಪತ್ರೆ, ನುಗ್ಗೆ, ಹಲಸಿನ ಬೀಜ, ಕೆಸುವಿನ ಪತ್ರೊಡೆ ಬಂದವು. ಮೊದಲ ಮಳೆಗೆ ಗದ್ದೆಯಂಚಿನಲ್ಲಿ ಹಿಡಿದ ಏಡಿಯ ಸಾರನ್ನು ಒಬ್ಬ ಬರೆಯಲು ಹೊರಟಾಗ ಕೆಲವರು ಮೂಗು ಮುರಿದರು. ಅವನಿಗೂ ಪೂರ್ತಿ ಪುಟ ಕೊಟ್ಟೆ. ಆರೋಗ್ಯದ ಊಟವೆಂದರೆ ಸೊಪ್ಪು-ಹಣ್ಣು ಮಾತ್ರ ಎಂದುಬಿಟ್ಟರೆ ಅವನ ಮನೆಯ ಒಲೆಯನ್ನೇ ಹೊರಗಿಟ್ಟಂತೆ. ಏಡಿಗೆ ಅವನು ಬರೆದ ಕಾಲುಗಳು ಪಕ್ಕದ ಪುಟಕ್ಕೂ ಹರಿದಿವೆ.

ಅಂಗಡಿಯ ಐದು ರೂಪಾಯಿ ಪೊಟ್ಟಣ ನಿಂತಿತೇ ಎಂದರೆ, ಇಲ್ಲ. ಕಥೆಯ ಕೈಗೆ ಅದು ಸಿಗಲಿಲ್ಲ. ಹಾಗಾಗಿ ಖಾಲಿ ಪೊಟ್ಟಣವನ್ನೇ ಮೂರನೆಯ ತರಗತಿಯ ಓದಿಗೆ ಇಟ್ಟೆ. ತೂಕದಲ್ಲಿ ಹೆಚ್ಚಿರುವ ಪದಾರ್ಥವನ್ನು ಮೊದಲು ಬರೆಯಬೇಕೆಂಬುದು ನಿಯಮ. ಹಿಂಬದಿಯ ಪಟ್ಟಿಯನ್ನು ನಾನು ಕನ್ನಡದಲ್ಲಿ ಹಲಗೆಯ ಮೇಲೆ ಬರೆಯುತ್ತೇನೆ. ಎಣ್ಣೆ, ಉಪ್ಪು ಎಷ್ಟನೆಯ ಸ್ಥಾನದಲ್ಲಿವೆ ಎಂದು ಅವರು ಹುಡುಕುತ್ತಾರೆ. ಈಗ ಅಂಗಡಿಯಿಂದ ಬಂದದ್ದನ್ನೆಲ್ಲ ತಿರುಗಿಸಿ ನೋಡುತ್ತಾರೆ, ಆಮೇಲೆ ಹರಿದು ತಿನ್ನುತ್ತಾರೆ.