ತೋಟಕ್ಕೆ ಪೆಟ್ರೋಲ್ ಜಿಪ್ಸಿ: ಎರಡು ಮಳೆಗಾಲದ ಲೆಕ್ಕ

"ಸ್ಕೂಟರಿಗೆ ಹಾಕೋ ಪೆಟ್ರೋಲಲ್ಲಿ ಗುಡ್ಡ ಹತ್ತಿಸ್ತೀರಾ ಭಾವ?" ತೋಟದ ಓಡಾಟಕ್ಕೆ ತಗೊಂಡ ಹಳೇ ಮಾರುತಿ ಜಿಪ್ಸಿ ಜೀಪು ಅಂಗಳಕ್ಕೆ ಬಂದ ದಿನ ಹೆಂಡತಿಯ ತಮ್ಮ ಕೇಳಿದ ಮಾತಿದು. ಮೂಡಿಗೆರೆಯ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, ಏನೂ ಹೇಳದೆ ಮುಚ್ಚಿದ. ನಮ್ಮ ಕಡೆ ಫೋರ್‌ವೀಲ್ (ನಾಲ್ಕೂ ಚಕ್ರ ಎಳೆಯೋ ಗಾಡಿ) ಅಂದ್ರೆ ಡೀಸೆಲ್. ಪೆಟ್ರೋಲ್ ತಂದವನು ಒಂದೋ ದುಡ್ಡಿನವನು, ಇಲ್ಲ ದಡ್ಡ. ಎರಡು ಮಳೆಗಾಲ ಕಳೆದಿದೆ. ನಾನು ಎರಡೂ ಅಲ್ಲ ಅಂತ ಈಗ ಧೈರ್ಯವಾಗಿ ಬರೆಯಬಹುದು.

ಮೊದಲು ಸೋತ ಕಥೆ. 2021ರಲ್ಲಿ ಹೊಸ ಹೊಗೆ ನಿಯಮದ (ಬಿಎಸ್6) ಡೀಸೆಲ್ ಗಾಡಿ ತಗೊಂಡಿದ್ದೆ. ಯಾವ ಕಂಪನಿ ಅನ್ನೋದು ಬೇಡ. ಅದೇ ಗಾಡಿಯ ಪೆಟ್ರೋಲ್‌ಗಿಂತ ಒಂದೂಕಾಲು ಲಕ್ಷ ಜಾಸ್ತಿ, ಅದರ ಮೇಲೆ 17 ಪರ್ಸೆಂಟ್ ರೋಡ್ ಟ್ಯಾಕ್ಸ್ ಬೇರೆ. ಎಳೆತ ಭರ್ಜರಿ, ಸುಳ್ಳು ಹೇಳಲ್ಲ. ಆದರೆ ನನ್ನ ಓಡಾಟ ಎಂಥದ್ದು? ಮನೆಯಿಂದ ಕಣ, ಕಣದಿಂದ ಕೆಲಸದವರ ಲೈನ್ ಮನೆ, ಅಲ್ಲಿಂದ ಪಂಪ್‌ಹೌಸ್. ಒಂದೊಂದು ಸಲಕ್ಕೆ ಎರಡು ಕಿಲೋಮೀಟರ್, ಅದೂ ಸೆಕೆಂಡ್ ಗೇರಲ್ಲಿ. ಡಿಪಿಎಫ್‌ನಲ್ಲಿ, ಅಂದ್ರೆ ಹೊಗೆಯ ಮಸಿ ಹಿಡಿಯೋ ಫಿಲ್ಟರಲ್ಲಿ, ಕೂತ ಮಸಿ ಸುಡಬೇಕಾದರೆ ಗಾಡಿ ಕಾಲು ಗಂಟೆಯಾದರೂ ಒಂದೇ ಸಮ 60ರ ಮೇಲೆ ಓಡಬೇಕು. ತೋಟದಲ್ಲಿ 60ರಲ್ಲಿ ಓಡಿಸಿದರೆ ಕಾಫಿ ಗಿಡದ ಮೇಲೇ ಹೋಗಬೇಕು.

ಡಿಪಿಎಫ್ ತುಂಬಿತು ಅನ್ನೋ ದೀಪ ಹತ್ತಿದಾಗಲೆಲ್ಲ ಬೇಲೂರು ದಾಟಿ ಹಾಸನಕ್ಕೆ ಹೋಗಿ ಬರುತ್ತಿದ್ದೆ. ಹೆಚ್ಚುಕಮ್ಮಿ 130 ಕಿಲೋಮೀಟರ್. ಹಾಸನದಲ್ಲಿ ಏನು ಕೆಲಸ ಅಂತ ಮನೆಯಲ್ಲಿ ಕೇಳುತ್ತಾರೆ. ಮಸಿ ಸುಡೋದು ಅಂದ್ರೆ ನಂಬಬೇಕಲ್ಲ! ಒಂದು ದಿನ ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿದೆ. ಆಯಿಲ್ ಕಡಿಮೆಯಾಗೋದು ನೋಡಿದ್ದೆ, ಜಾಸ್ತಿಯಾಗೋದು ಅವತ್ತೇ ನೋಡಿದ್ದು. ಮೂಸಿದರೆ ಡೀಸೆಲ್ ವಾಸನೆ. ಮಸಿ ಸುಡೋಕೆ ಗಾಡಿ ತಾನೇ ಜಾಸ್ತಿ ಡೀಸೆಲ್ ಚಿಮ್ಮಿಸುತ್ತದೆ, ಅದಕ್ಕೆ ರೀಜನ್ ಅಂತಾರೆ. ಅರ್ಧಕ್ಕೇ ನಿಂತ ರೀಜನ್‌ಗಳ ಡೀಸೆಲ್ಲೆಲ್ಲ ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ ಇಳಿದಿತ್ತು. ಶೋರೂಮಿನವರು ಮೂರು ಸಲ ಗಾಡಿ ನಿಲ್ಲಿಸಿಯೇ ಮಸಿ ಸುಡಿಸೋ ಫೋರ್ಸ್ಡ್ ರೀಜನ್ ಮಾಡಿದರು. ಆಯಿಲ್, ಟೋಯಿಂಗ್ ಎಲ್ಲ ಸೇರಿ ಮೂರು ವರ್ಷದಲ್ಲಿ 70 ಸಾವಿರದಷ್ಟು ಹೋಯಿತು. ಕೊನೆಗೆ ಡಿಪಿಎಫ್ಫೇ ಬದಲಿಸಬೇಕು, ಲಕ್ಷ ದಾಟುತ್ತದೆ ಅಂದರು. ಮಾರಿಬಿಟ್ಟೆ.

ಜಿಪ್ಸಿ 2013ರ ಮಾಡೆಲ್, 1.3 ಲೀಟರ್. ಮೂರು ಲಕ್ಷದ ಎಪ್ಪತ್ತು ಸಾವಿರ ಕೊಟ್ಟೆ. ಕ್ಲಚ್, ಬುಷ್, ಟೈರು ಅಂತ ಇನ್ನೊಂದು ಲಕ್ಷ. 80 ಎಚ್‌ಪಿ ಇದೆ ಅಂತಾರೆ. ಟಾರ್ಕ್, ಅಂದ್ರೆ ಎಳೆಯೋ ಬಲ, ನೂರು ಚಿಲ್ಲರೆ, ಅದೂ ಸಿಗೋದು 4,500 ಆರ್‌ಪಿಎಮ್ ಹತ್ತಿರ. ಇದನ್ನ ಮರೆತು ಮೊದಲ ವಾರವೇ ಡೀಸೆಲ್ ಥರ ಓಡಿಸಿದೆ. ಹಿಂದೆ ಆರು ಮೂಟೆ ಮೆಣಸು, ಏರಿನ ನಡುವೆ ಕೆಳಗಿನ ಆರ್‌ಪಿಎಮ್‌ನಲ್ಲೇ ಎಳೆಯುತ್ತೆ ಅಂತ ಸುಮ್ನೆ ಕೂತೆ. ಬಂದ್ ಆಯಿತು. ಕೆಸರಲ್ಲಿ ಜಾರುತ್ತಾ ಹಿಂದೆ ಬಂದು ಸಿಲ್ವರ್ ಓಕ್ ಮರಕ್ಕೆ ಆತುಕೊಂಡು ನಿಂತಿತು. ತೋಟದ ಲೆಕ್ಕ ಬರೆಯೋ ನಮ್ಮ ರೈಟರ್ ಕೊಡೆ ಹಿಡಿದುಕೊಂಡು ನೋಡುತ್ತಿದ್ದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು.

ಈಗ ಏರು ಶುರುವಾಗುವ ಮೊದಲೇ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಬಲದ ಗೇರು), ಸೆಕೆಂಡ್ ಗೇರ್. ಎಂಜಿನ್ ಸದ್ದು ಮೂರು ಸಾವಿರ ಆರ್‌ಪಿಎಮ್‌ನಿಂದ ಕೆಳಗೆ ಇಳಿಯೋಕೆ ಬಿಡಲ್ಲ. ಚಕ್ರ ಉರುಳದೆ ತಿರುಗಿತು ಅಂದ್ರೆ ಕಾಲು ಸ್ವಲ್ಪ ಸಡಿಲ. ಗಾಡಿ ಹೆಚ್ಚುಕಮ್ಮಿ ಒಂದು ಟನ್ ಅಷ್ಟೇ. ಡೀಸೆಲ್ ಗಾಡಿ ಮೂಗಿನ ಭಾರಕ್ಕೇ ಹೂತು ಹೋಗುತ್ತಿದ್ದ ಗದ್ದೆ ಬದಿಯಲ್ಲಿ ಇದು ತೇಲಿಕೊಂಡು ಹೋಗುತ್ತದೆ. ಟೈರಿನ ಗಾಳಿ ಎಷ್ಟಕ್ಕೆ ಇಳಿಸುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಹಳ್ಳದಲ್ಲೂ ಒಂದು ಸಲ ಕೆಟ್ಟೆ. ಜುಲೈ ತಿಂಗಳು, ನನ್ನದೇ ಅವಸರ. ಜೋರಾಗಿ ನುಗ್ಗಿದೆ, ನೀರು ಎಗರಿ ಪ್ಲಗ್ ವೈರಿಗೆ ಬಿತ್ತು. ಡೀಸೆಲ್‌ಗೆ ಆ ತಾಪತ್ರಯ ಇಲ್ಲ, ಒಪ್ಪಿಕೊಳ್ಳಬೇಕು. ಒರೆಸಿ, ಅರ್ಧ ಗಂಟೆ ಕಾದು ಮತ್ತೆ ಸ್ಟಾರ್ಟ್ ಮಾಡಿದೆ. ಆಮೇಲೆ ಅದಕ್ಕೊಂದು ಉಪಾಯ ಮಾಡಿದ್ದೇನೆ. ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ, ಇಲ್ಲಿ ಬರೆಯಲ್ಲ.

ಲೆಕ್ಕಕ್ಕೆ ಬರೋಣ. ತಿಂಗಳಿಗೆ 500 ಕಿಲೋಮೀಟರ್ ಓಡುತ್ತದೆ. ಲೀಟರಿಗೆ ಜಿಪ್ಸಿ ಎಂಟೂವರೆ ಕೊಡುತ್ತದೆ, ಡೀಸೆಲ್ ಹತ್ತೂವರೆ ಕೊಡುತ್ತಿತ್ತು. ಪೆಟ್ರೋಲ್ 103, ಡೀಸೆಲ್ 91 ಅಂತ ಹಿಡಿದರೆ ತಿಂಗಳಿಗೆ 1,700 ಜಾಸ್ತಿ ಬೀಳುತ್ತದೆ. ವರ್ಷಕ್ಕೆ 20 ಸಾವಿರ, ಮೂರು ವರ್ಷಕ್ಕೆ 60. ಡಿಪಿಎಫ್ ತಿಂದದ್ದೇ 70. ಭಾವಮೈದುನನಿಗೆ ಇದನ್ನು ಸಿಗರೇಟ್ ಪ್ಯಾಕಿನ ಹಿಂದೆ ಬರೆದು ಕೊಟ್ಟೆ. ಅವನು ಮಡಚಿ ಜೇಬಿಗೆ ಹಾಕಿಕೊಂಡ, ಅಷ್ಟೇ.

ನಡುವೆ ಇನ್ನೊಂದು ಪ್ರಯೋಗ. ಮಳೆಗಾಲಕ್ಕೆ ಅಂತ ಕ್ಯಾನಲ್ಲಿ ಪೆಟ್ರೋಲ್ ತುಂಬಿಸಿ ಇಡುತ್ತಿದ್ದೆ. ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್, ಬಂದ ಮೇಲೆ ಅನುಮಾನ ಶುರುವಾಯಿತು. ಗಾಜಿನ ಅಳತೆ ಪಾತ್ರೆಗೆ 100 ಮಿಲಿ ಪೆಟ್ರೋಲ್, 10 ಮಿಲಿ ನೀರು ಹಾಕಿ ಕುಲುಕಿದೆ. ಸ್ವಲ್ಪ ಹೊತ್ತಿಗೆ ಅಡಿಯಲ್ಲಿ 28 ಮಿಲಿಯಷ್ಟು ನಿಂತಿತು. ಎಥನಾಲ್ ಎಲ್ಲ ನೀರಿನ ಜೊತೆ ಸೇರಿ ಕೆಳಗೆ ಇಳಿದಿದೆ. ನಮ್ಮ ಥಂಡಿಗೆ ಕ್ಯಾನಿನ ಮುಚ್ಚಳ ಸಡಿಲ ಬಿಟ್ಟು ಇಟ್ಟರೆ ಗತಿ ಏನು? ಈಗ ಕ್ಯಾನಲ್ಲಿ ಇಡೋದೇ ಬಿಟ್ಟಿದ್ದೇನೆ. ಎಥನಾಲ್ ತಿಂದೀತು ಅಂತ ಜಿಪ್ಸಿಯ ರಬ್ಬರ್ ಪೈಪುಗಳನ್ನೂ ಬದಲಿಸಿದೆ, 2,200 ಆಯಿತು.

ದಿನಾ ಲೋಡ್ ಹೊರುವವರು ನನ್ನ ಮಾತು ಕೇಳಬೇಡಿ. ಅಪ್ಪನ ಮಹೀಂದ್ರ ಎಂಎಂ540 ಡೀಸೆಲ್ ಜೀಪು ಇನ್ನೂ ಶೆಡ್ಡಿನಲ್ಲಿದೆ. ಡಿಪಿಎಫ್ ಇಲ್ಲ, ಸೆನ್ಸರ್ ಇಲ್ಲ. ಕೊಯ್ಲಿನಲ್ಲಿ ಟ್ರೈಲರ್ ಎಳೆಯೋದು ಅದೇ. ನಾನು ಬೇಡ ಅನ್ನೋದು ಹೊಸ ಡೀಸೆಲ್ ಮಾತ್ರ, ಅದೂ ನನ್ನ ಥರ ಎರಡೆರಡು ಕಿಲೋಮೀಟರ್ ಓಡಾಡುವವರಿಗೆ. ಅಜ್ಜನ ಕಾಲದಲ್ಲಿ ಇದೇ ಗುಡ್ಡ ಹತ್ತಿದ ವಿಲ್ಲೀಸ್ ಜೀಪು ಕೂಡ ಪೆಟ್ರೋಲೇ ಅಲ್ವಾ?

ಜಿಪ್ಸಿಯ ಹಿಂದಿನ ಲೀಫ್ ಸ್ಪ್ರಿಂಗ್‌ನಲ್ಲಿ ಒಂದು ಪಟ್ಟಿ ತೆಗೆಯೋಣ ಅಂತಿದ್ದೇನೆ, ಬೆನ್ನು ಕೇಳುತ್ತಿಲ್ಲ. ತೆಗೆದರೆ ಆರು ಮೂಟೆಗೆ ಗಾಡಿ ಕೂತುಬಿಡುತ್ತದೇನೋ ನೋಡಬೇಕು. ಮೆಣಸು ಕೊಯ್ಲು ಮುಗಿಯಲಿ.