ಮಷಿನ್ ಜೊತೆಗೆ ಒಂದು ಟ್ಯೂಬ್‌ಲೈಟ್: ಕಿವಿ ಮಂದವಾದ ಮೇಲೆ ನನ್ನ ಅನುಭವ

ಕಿವಿ ಮಂದ ಅಂದ ತಕ್ಷಣ ಎಲ್ಲರೂ "ಮಷಿನ್ ಹಾಕಿಸಿಕೊಳ್ಳಿ, ಸರಿಹೋಗುತ್ತೆ" ಅನ್ನುತ್ತಾರೆ. ಮಷಿನ್ ಬೇಕೇ ಬೇಕು. ಆದರೆ ಮಂಡ್ಯದಲ್ಲಿ ದಿನಸಿ ಅಂಗಡಿ ನಡೆಸುವ ನನಗೆ ಅದರಷ್ಟೇ ಕೈಹಿಡಿದಿದ್ದು ಎಲ್ಲಿ ಕೂರಬೇಕು, ಎದುರಿನವರನ್ನು ಹೇಗೆ ಕೇಳಬೇಕು ಅನ್ನುವ ಅಭ್ಯಾಸ.

ಪ್ರಾಯದಲ್ಲಿ ನಾನು ಆಲೆಮನೆಯಲ್ಲಿ ದುಡಿದವನು. ಕಬ್ಬು ಅರೆಯುವ ಎಂಜಿನ್ ಪಕ್ಕದಲ್ಲೇ ಕೆಲಸ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದೆ. 1965ರಿಂದ ಇರುವ ಸಂಸ್ಥೆ ಅದು. ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಶಬ್ದ ಕೇಳಿದಾಗಲೆಲ್ಲ ತಿಳಿಸಿ ಅನ್ನುತ್ತಾರೆ. ಆಮೇಲೆ ಆಡಿಯೋಗ್ರಾಂ, ಅಂದರೆ ಯಾವ ಶಬ್ದ ಎಷ್ಟು ಜೋರಿದ್ದರೆ ಕೇಳಿಸುತ್ತದೆ ಅಂತ ತೋರಿಸುವ ನಕ್ಷೆ, ಕೈಗೆ ಬರುತ್ತದೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು. ನನ್ನ ಗೆರೆ ಶುರುವಿನಲ್ಲಿ, ದಪ್ಪ ಶಬ್ದಗಳ ಕಡೆ ಪರವಾಗಿಲ್ಲ, ತೆಳು ಶಬ್ದಗಳ ಕಡೆ, 4000 ಹರ್ಟ್ಸ್ ಹತ್ತಿರ ದಬಕ್ಕನೆ ಕೆಳಗಿಳಿದಿತ್ತು. ವರ್ಷಗಟ್ಟಲೆ ಜೋರು ಸದ್ದಿನಲ್ಲಿ ದುಡಿದವರ ಕಿವಿ ಸಾಮಾನ್ಯವಾಗಿ ಕೆಡುವುದು ಅಲ್ಲೇ.

ಆ ಗೆರೆ ನೋಡಿದ ಮೇಲೆ ತುಂಬಾ ವಿಷಯ ಬಿಡಿಸಿಕೊಂಡಿತು. ಆ, ಓ, ಊ ಇವೆಲ್ಲ ದಪ್ಪ ಶಬ್ದ, ಜೋರಾಗಿರುತ್ತವೆ. ಸ, ಶ, ತ, ಕ ಇವು ತೆಳು ಶಬ್ದ, ಮೆಲ್ಲಗಿರುತ್ತವೆ. ನನಗೆ ತಪ್ಪಿಹೋಗುವುದು ಇವೇ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನಂದರು ಅಂತ ಗೊತ್ತಾಗುವುದಿಲ್ಲ. ಕಿರುಚಿದರೆ ದಪ್ಪ ಶಬ್ದವೇ ಇನ್ನೂ ಜೋರಾಗುತ್ತದೆ ಅಷ್ಟೇ. ನಿಧಾನಕ್ಕೆ, ಬಿಡಿಸಿ ಹೇಳಿದರೆ ಸಾಕು.

ಅಂಗಡಿಯಲ್ಲಿ ದೊಡ್ಡ ತೊಂದರೆ ಬೆಳಕಿನದಾಗಿತ್ತು. ಗಿರಾಕಿಗಳ ಬೆನ್ನ ಹಿಂದೆ ರಸ್ತೆ, ಬಿಸಿಲು. ಮುಖ ಪೂರ್ತಿ ಕಪ್ಪು. ತುಟಿ ಕಾಣದಿದ್ದರೆ ನನಗೆ ಅರ್ಧ ಮಾತು ಹೋದಂತೆಯೇ. ನನ್ನ ತಲೆಯ ಮೇಲೆ, ಹೊರಗಡೆಗೆ ಬೆಳಕು ಬೀಳುವ ಹಾಗೆ ಒಂದು ಟ್ಯೂಬ್‌ಲೈಟ್ ಹಾಕಿಸಿದೆ. ಹಗಲಲ್ಲೂ ಉರಿಯುತ್ತದೆ. ಗುಂಯ್ ಅನ್ನುವ ಫ್ರಿಡ್ಜನ್ನು ಗಲ್ಲಾದಿಂದ ದೂರ ಸರಿಸಿದೆ.

ಇನ್ನೊಂದು, ನಾನು "ಏನು?" ಅಂತ ಕೇಳುವುದಿಲ್ಲ. ಹಾಗೆ ಕೇಳಿದರೆ ಅದೇ ಮಾತನ್ನು ಅದೇ ವೇಗದಲ್ಲಿ, ಜಾಸ್ತಿ ಜೋರಾಗಿ ಹೇಳುತ್ತಾರೆ. ಅದರ ಬದಲು ಕೇಳಿಸಿದಷ್ಟನ್ನು ವಾಪಸ್ ಹೇಳುತ್ತೇನೆ. "ತೊಗರಿಬೇಳೆ ಅಂದ್ರಿ, ಎಷ್ಟು? ಅರ್ಧ ಕೆಜಿನಾ, ಒಂದಾ?" ಅವರು ಉಳಿದ ತುಂಡನ್ನು ಮಾತ್ರ ಹೇಳಿದರೆ ಸಾಕು, ಅವರಿಗೂ ಬೇಜಾರಿಲ್ಲ. ದುಡ್ಡಿನ ವಿಷಯದಲ್ಲಿ ಮಾತ್ರ ಕಿವಿಯನ್ನು ನಂಬುವುದಿಲ್ಲ. ಇಪ್ಪತ್ತಕ್ಕೂ ಎಪ್ಪತ್ತಕ್ಕೂ ನನಗೆ ವ್ಯತ್ಯಾಸವೇ ಸಿಗುವುದಿಲ್ಲ. ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸುತ್ತೇನೆ. ತುಟಿ ನೋಡಿ ಎಲ್ಲ ತಿಳಿಯುತ್ತದೆ ಅಂತಲೂ ಇಲ್ಲ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ, ನೀವೇ ಕನ್ನಡಿ ಮುಂದೆ ಹೇಳಿ ನೋಡಿ.

ಹೊಸಬರು ಬಂದರೆ ಮೊದಲೇ ಹೇಳಿಬಿಡುತ್ತೇನೆ: "ಕಿವಿ ಸ್ವಲ್ಪ ಮಂದ, ನನ್ನ ಕಡೆ ನೋಡಿ ಹೇಳಿ." ಕೇಳಿದ ಹಾಗೆ ಸುಮ್ನೆ ತಲೆ ಆಡಿಸುವುದಕ್ಕಿಂತ ಇದು ಎಷ್ಟೋ ಮೇಲು ಅಲ್ವಾ?

ಮಷಿನ್ ಹೊಸದರಲ್ಲಿ ಪ್ಲಾಸ್ಟಿಕ್ ಕವರಿನ ಸರಪರವೇ ತಲೆ ತಿನ್ನುತ್ತದೆ. ಆ ಸದ್ದುಗಳನ್ನು ಮೆದುಳು ಮರೆತಿರುತ್ತದೆ, ಮತ್ತೆ ಕಲಿಯಬೇಕು. ನಾನು ಮೊದಲು ಮನೆಯಲ್ಲಿ, ಒಬ್ಬರ ಜೊತೆ ಮಾತಾಡುವಾಗ ಹಾಕಿಕೊಂಡೆ. ಆಮೇಲೆ ಟಿವಿ. ಅಂಗಡಿಗೆ ಹಾಕಿಕೊಂಡು ಬಂದಿದ್ದು ಕೊನೆಗೆ. ಬ್ಯಾಟರಿಯ ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು. ಗಾಳಿ ಒಳಗೆ ಹೋದ ಮೇಲೇ ಅದಕ್ಕೆ ಜೀವ ಬರುವುದು. ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ, ಬೆವರಿನ ತೇವ ಎಳೆದುಕೊಳ್ಳುತ್ತದೆ.

ಮದುವೆ ಮನೆಯಲ್ಲಿ ವಾಲಗದ ಕಡೆಗೆ ಬೆನ್ನು ಹಾಕಿ ಕೂರುತ್ತೇನೆ. ಎದುರಿನವರ ಮಾತನ್ನು ಜಾಸ್ತಿ ಹಿಡಿಯುವ ಮೈಕ್ ನನ್ನ ಮಷಿನ್‌ನಲ್ಲಿದೆ. ಗಾಜಿನ ಹಿಂದೆ ಕೂತು ಮಾತಾಡುವ ಕೌಂಟರ್‌ಗಳಲ್ಲಿ ಫೋನಿನಲ್ಲಿ ಲೈವ್ ಟ್ರಾನ್ಸ್‌ಕ್ರೈಬ್ ಅನ್ನುವ, ಮಾತನ್ನು ಬರಹ ಮಾಡಿ ತೋರಿಸುವ ಆ್ಯಪ್ ಆನ್ ಮಾಡುತ್ತೇನೆ. ಕನ್ನಡದಲ್ಲೇ ಅಕ್ಷರ ಮೂಡುತ್ತದೆ. ನಮ್ಮ ಮಂಡ್ಯದ ಮಾತಿಗೆ ಆಗಾಗ ತಡವರಿಸುತ್ತದೆ, ಆದರೂ ಕೆಲಸ ನಡೆಯುತ್ತದೆ.

ಒಂದನ್ನು ಮಾತ್ರ ಕೈಮುಗಿದು ಹೇಳುತ್ತೇನೆ. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದೇ ಹೋದರೆ ಎಣ್ಣೆ ಬಿಟ್ಟು ಕಾಯುತ್ತಾ ಕೂರಬೇಡಿ. ಅವತ್ತೇ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಬೇಗ ಔಷಧಿ ಶುರುವಾದರೆ ಕೇಳುವ ಶಕ್ತಿ ವಾಪಸ್ ಬರುವ ಸಾಧ್ಯತೆ ಇರುತ್ತದೆ, ತಡವಾದಷ್ಟೂ ಅದು ಕಮ್ಮಿ. ನನ್ನಂತೆ ನಿಧಾನಕ್ಕೆ ಮಂದವಾದವರು ವರ್ಷಕ್ಕೊಮ್ಮೆ ಪರೀಕ್ಷೆಗೆ ಹೋಗುವಾಗ ಹಳೇ ಆಡಿಯೋಗ್ರಾಂ ತೆಗೆದುಕೊಂಡು ಹೋಗಿ. ಗೆರೆ ಎಷ್ಟು ಜಾರಿದೆ ಅಂತ ಹೋಲಿಸಿ ನೋಡಿ ಮಷಿನ್ ಮತ್ತೆ ಸೆಟ್ ಮಾಡಿಕೊಡುತ್ತಾರೆ.